ದೊಡ್ಡ ಕಂಟ್ರೋಲರ್‌ಗೆ ಸರ್ಕ್ಯೂಟೂ ದೊಡ್ಡದು ಬೇಕೇ?

ಹಳೆಯ ನಿಂಟೆಂಡೊ ವಿಡಿಯೊ ಗೇಮ್‌ನ ಕಂಟ್ರೋಲರನ್ನು ಹತ್ತು ಪಟ್ಟು ದೊಡ್ಡದಾಗಿ, ನಿಜವಾಗಿ ಆಡಲು ಬರುವಂತೆ ಮಾಡಬೇಕು ಎನ್ನುವ ಶಿವಮೊಗ್ಗ ಕಡೆಯ ಹುಡುಗರು ಮೊದಲು ಕೇಳುವುದು ಇದನ್ನೇ. ಬೇಡ. ಬೆರಳ ತುದಿಯಷ್ಟು ಚಿಪ್ ಒಂದು, ಸ್ವಿಚ್ ಎಂಟು, ರೆಸಿಸ್ಟರ್ ಎಂಟು, ಅಷ್ಟೇ. ಕಷ್ಟವೆಲ್ಲ ಇರುವುದು ಮರದ ಕೆಲಸದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಮಾಡುವುದಾದರೆ ಇನ್ನೂ ಹೆಚ್ಚು.

ಚಿಪ್ 4021. ಎಂಟು ಬಟನ್‌ಗಳ ಸ್ಥಿತಿಯನ್ನು ಒಟ್ಟಿಗೆ ಹಿಡಿದು, ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಕಳಿಸುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಇದೇ ಕ್ರಮದಲ್ಲಿ ಪಿನ್ 1, 15, 14, 13, 4, 5, 6, 7. ಸ್ವಿಚ್‌ನ ಇನ್ನೊಂದು ತುದಿ ಗ್ರೌಂಡ್‌ಗೆ. ಆಟದ ಯಂತ್ರದ ತಂತಿಗಳಲ್ಲಿ, ಸ್ಥಿತಿ ಹಿಡಿ ಎನ್ನುವ ಲ್ಯಾಚ್ ಪಿನ್ 9ಕ್ಕೆ, ಮುಂದಿನದು ಕಳಿಸು ಎನ್ನುವ ಕ್ಲಾಕ್ 10ಕ್ಕೆ, ಉತ್ತರ ಒಯ್ಯುವ ಡೇಟಾ 3ಕ್ಕೆ. ಪಿನ್ 16ಕ್ಕೆ 5 ವೋಲ್ಟ್, 8 ಮತ್ತು 11 ಗ್ರೌಂಡ್. ಪ್ರತಿ ಬಟನ್ ಪಿನ್‌ನಿಂದ 5 ವೋಲ್ಟ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಯಾರೂ ಮುಟ್ಟದೆಯೇ ಬಟನ್ ಒತ್ತಿದಂತಾಗುತ್ತದೆ. ಹಳೆಯ ಕಂಟ್ರೋಲರ್‌ನ ಬೋರ್ಡನ್ನೇ ಬಳಸುವುದಾದರೆ ಬಟನ್ ಕೆಳಗಿನ ಕಪ್ಪು ಕಾರ್ಬನ್ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಅದಕ್ಕೆ ಬರುವ ತಾಮ್ರದ ಗೆರೆಯನ್ನು ಕೆರೆದು ಅಲ್ಲಿ ಹಾಕಿ.

ಪೆಟ್ಟಿಗೆ ಸುಮಾರು 122 ಸೆಂ.ಮೀ. ಉದ್ದ, 53 ಅಗಲ, 17 ಎತ್ತರ. 12 ಮಿ.ಮೀ. ಪ್ಲೈವುಡ್, 8ಕ್ಕೆ 4 ಅಡಿಯ ಒಂದೇ ಹಾಳೆ ಸಾಕು.

ಎ, ಬಿ ಬಟನ್‌ಗೆ 110 ಮಿ.ಮೀ. ಪಿವಿಸಿ ಪೈಪು ಹೇಳಿ ಮಾಡಿಸಿದಂತಿದೆ. 14 ಸೆಂ.ಮೀ. ತುಂಡು ಮಾಡಿ, ಎರಡೂ ಬಾಯಿಗೆ ಪ್ಲೈ ಬಿಲ್ಲೆ ಅಂಟಿಸಿ. ಹೆಚ್ಚಿನವರು ಸೋಲುವುದು ಇಲ್ಲೇ: ಮೇಲಿನ ಹಲಗೆಗೆ ಮಾತ್ರ ತೂತು ಕೊರೆಯುತ್ತಾರೆ. ಮಗು ಅಂಚನ್ನು ಒತ್ತಿದ ಕೂಡಲೇ ಬಟನ್ ವಾಲಿ ಸಿಕ್ಕಿಕೊಳ್ಳುತ್ತದೆ. 8 ಸೆಂ.ಮೀ. ಕೆಳಗೆ ಇನ್ನೊಂದು ಹಲಗೆ ಕೊಟ್ಟು, ಅದರಲ್ಲೂ ಅದೇ ನೇರಕ್ಕೆ 114 ಮಿ.ಮೀ. ತೂತು ಕೊರೆಯಿರಿ. ಎರಡು ಕಡೆ ಆಧಾರ ಸಿಕ್ಕರೆ ಪೈಪು ವಾಲುವುದಿಲ್ಲ. ಅಡಿಗೆ ಸ್ಪ್ರಿಂಗ್ ಕೊಡಿ. ಸ್ಪಂಜು ಬೇಡ, ಅದು ಒಮ್ಮೆ ಅಮುಕಿದರೆ ಹಾಗೇ ಕೂತುಬಿಡುತ್ತದೆ. ಒತ್ತಿದ ಭಾರ ಮರದ ತಡೆಯ ಮೇಲೆ ನಿಲ್ಲಬೇಕು, ಅಡಿಯಲ್ಲಿ ಕೂರಿಸುವ, ಲಿವರ್ ಇರುವ ಪುಟ್ಟ ಮೈಕ್ರೋ ಸ್ವಿಚ್ ಮೇಲೆ ಅಲ್ಲ. ಬಟನ್ ಮೇಲೆ ಯಾರಾದರೂ ಕೂತೇ ಕೂರುತ್ತಾರೆ.

ದಿಕ್ಕಿನ ಪ್ಲಸ್ಸನ್ನು ನಾಲ್ಕು ಬಿಡಿ ಬಟನ್ ಮಾಡುವುದು ನಮಗೆ ಸರಿಕಾಣುವುದಿಲ್ಲ. ಒಂದೇ ತುಂಡಿನಲ್ಲಿ ಕತ್ತರಿಸಿ, ನಡುವೆ ಅರ್ಧ ಚೆಂಡಿನಾಕಾರದ ಮರದ ಉಬ್ಬಿನ ಮೇಲೆ ಕೂರಿಸಿ. ಎಡ ತಗ್ಗಿದರೆ ಬಲ ಏಳುತ್ತದೆ. ಎರಡೂ ಒಟ್ಟಿಗೆ ಒತ್ತಲಾಗದು ಎಂದೇ ನಂಬಿ ಬರೆದ ಹಳೆಯ ಆಟಗಳಿವೆ. ಒತ್ತಿದರೆ ಪಾತ್ರ ಹುಚ್ಚುಹುಚ್ಚಾಗಿ ಓಡುತ್ತದೆ.

ಇನ್ನು ಮಳೆ. ಜೂನ್ ಬಂತೆಂದರೆ ತೀರ್ಥಹಳ್ಳಿ, ಆಗುಂಬೆ ಕಡೆ ಸಾಧಾರಣ ಪ್ಲೈವುಡ್ಡಿನ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಇಳಿಯುತ್ತಿದ್ದ ಬಟನ್ ಬಿಗಿಯುತ್ತದೆ. ಹಾಳೆಯ ಮೇಲೆ ನೀರು ತಾಳುವ ಮರೀನ್ ಪ್ಲೈವುಡ್ಡಿನ ಐಎಸ್ 710 ಗುರುತು ನೋಡಿ ತನ್ನಿ. ತೂತುಗಳ ಒಳ ಅಂಚಿಗೂ ಎರಡು ಕೈ ಬಣ್ಣ ಬಳಿದ ಮೇಲೆಯೇ ಪೈಪು ಇಳಿಸಿ ನೋಡಿ, ಬಣ್ಣವೂ ಜಾಗ ತಿನ್ನುತ್ತದೆ. ಅಲ್ಯೂಮಿನಿಯಂ ಫಾಯಿಲ್‌ನಿಂದ ಕೈಯಾರೆ ಮಾಡಿದ ಸ್ವಿಚ್ ತೇವಕ್ಕೆ ಬಾಳುವುದಿಲ್ಲ.

ಪೆಟ್ಟಿಗೆಯ ತಳದ ಹಲಗೆಗೆ ಮೊಳೆ ಹೊಡೆಯಬೇಡಿ, ಬಿಚ್ಚಲು ಬರುವಂತೆ ಸ್ಕ್ರೂ ಹಾಕಿ. ಸ್ವಿಚ್ ಕೂರುವ ಪಟ್ಟಿಗೆ ದುಂಡು ತೂತಿನ ಬದಲು ಉದ್ದ ಸೀಳು ಕೊಟ್ಟರೆ, ಎತ್ತರವನ್ನು ಒಂದೆರಡು ಮಿ.ಮೀ. ಸರಿಸಿ ಬಿಗಿ ಮಾಡಬಹುದು.