ಹೆಬ್ಬೆರಳಿನಷ್ಟು ಶ್ಯಾಡ್

ನವೆಂಬರ್ 2, 2024, ಶನಿವಾರ
ಕಮಿಂಗ್, ಜಾರ್ಜಿಯಾ

ಇಂದು ಬಲಿಪಾಡ್ಯಮಿ. ಹಬ್ಬದ ಊಟದ ಹೊತ್ತಿಗೆ ಮನೆಯಲ್ಲಿರಲೇಬೇಕು ಎಂಬ ಕರಾರಿನ ಮೇಲೆ ಮಗಳೂ ನಾನೂ ನಸುಕಿನಲ್ಲೇ ಲೇನಿಯರ್ ಜಲಾಶಯಕ್ಕೆ ಹೊರಟೆವು. ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು ನಾಳೆ; ಹಾಗಾಗಿ ಇಂದು ಸೂರ್ಯ ಮೂಡುವಾಗ ಎಂಟು ಗಂಟೆಯಾಗಿತ್ತು. ಜಲಾಶಯದ ಕಿರುತೋಳಾದ ಸಿಕ್ಸ್ ಮೈಲ್ ಕ್ರೀಕ್‌ನಲ್ಲಿ ನಮ್ಮ ಸಣ್ಣ ಅಲ್ಯೂಮಿನಿಯಂ ದೋಣಿಯನ್ನು ಇಳಿಸಿದಾಗ ನೀರಿನ ಮೇಲೆ ಮಂಜು ಹಬೆಯಾಡುತ್ತಿತ್ತು. ನೀರಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್.

ಈ ಜಲಾಶಯವನ್ನು ಕಂಡಾಗಲೆಲ್ಲ ನನಗೆ ಲಿಂಗನಮಕ್ಕಿಯ ಹಿನ್ನೀರು ನೆನಪಾಗುತ್ತದೆ. ಅಲ್ಲಿ ಶರಾವತಿ, ಇಲ್ಲಿ ಚಾಟಾಹೂಚಿ. 1950ರ ದಶಕದಲ್ಲಿ ಬ್ಯೂಫೋರ್ಡ್ ಅಣೆಕಟ್ಟು ಕಟ್ಟಿದಾಗ ಇಲ್ಲಿಯೂ ಗುಡ್ಡ, ಹೊಲ, ರಸ್ತೆಗಳೆಲ್ಲ ಮುಳುಗಿದವು. ಆ ಮುಳುಗಿದ ಗುಡ್ಡಗಳ ನೆತ್ತಿಯೇ ಇಂದು ಸ್ಪಾಟೆಡ್ ಬ್ಯಾಸ್ ಮೀನುಗಳು ಹೊಂಚು ಹಾಕುವ ಜಾಗ. ಮಲೆನಾಡಿನ ಸಾಗರದ ಕಡೆ ಹುಡುಗನಾಗಿದ್ದಾಗ ಎರೆಹುಳು ಚುಚ್ಚಿದ ಗಾಳ ಹಿಡಿದು ದಡದಲ್ಲಿ ಕೂತವನಿಗೆ ಆಯ್ಕೆಯೆಂಬುದೇ ಇರಲಿಲ್ಲ. ಇಲ್ಲಿ ನನ್ನ ಪೆಟ್ಟಿಗೆಯಲ್ಲಿ ಮರದ್ದು, ರಬ್ಬರಿನದ್ದು, ಲೋಹದ್ದು ಎಂದು ಎಷ್ಟೋ ಬಗೆಯ ಲ್ಯೂರ್‌ಗಳಿವೆ. ಎಲ್ಲವೂ ಮೀನಿನ ವೇಷ ಹಾಕಿದ ಕೃತಕ ಎರೆಗಳೇ. ಯಾವುದನ್ನು ಎತ್ತಿಕೊಳ್ಳಬೇಕು ಎಂಬುದನ್ನು ಇಂದು ಒಂದು ಮೀನೇ ಕಲಿಸಿತು.

ಕ್ರೀಕ್‌ನ ಒಳತುದಿಯಲ್ಲಿ ದೊಡ್ಡ ನೀಲಿ ಬಕವೊಂದು ದಡದ ಕೊರಡಿನ ಮೇಲೆ ನಿಂತಿತ್ತು. ಬಕ ನಿಂತಲ್ಲಿ ಮರಿಮೀನು ಇರುತ್ತದೆ. ಅದರ ಎದುರಿಗೇ ನೀರು ಮಳೆಹನಿ ಬಿದ್ದಂತೆ ಚಿಟಿಚಿಟಿ ಎನ್ನುತ್ತಿತ್ತು. ಅದು ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಮೀನುಗಳ ಹಿಂಡು. ನೀರು ತಣಿಯತೊಡಗಿದಂತೆ ಶ್ಯಾಡ್‌ಗಳು ದೊಡ್ಡ ನೀರು ಬಿಟ್ಟು ಇಂಥ ಕಿರುತೋಳುಗಳಿಗೆ ನುಗ್ಗುತ್ತವೆ. ಬೆನ್ನ ಹಿಂದೆಯೇ ಬ್ಯಾಸ್‌ಗಳೂ ಬರುತ್ತವೆ. ಕೆಳಗಿನಿಂದ ಒತ್ತರಿಸಿ ಮೇಲ್ಮೈಗೆ ತಂದು ನಿಲ್ಲಿಸಿದರೆ ಶ್ಯಾಡ್‌ಗಳಿಗೆ ಓಡಲು ಜಾಗವಿಲ್ಲ. ಛಟ್ಟನೆ ನೀರು ಸೀಳಿತು, ಬೆಳ್ಳಿಯ ಚೂರುಗಳಂತೆ ಹತ್ತಾರು ಮರಿಗಳು ಗಾಳಿಗೆ ಹಾರಿದವು.

ನಾನು ಕಟ್ಟಿದ್ದು 12 ಸೆಂಟಿಮೀಟರಿನ, ನೀರ ಮೇಲೆ ಎಡಬಲ ಓಲಾಡುತ್ತ ಬರುವ ಲ್ಯೂರ್. ಸುಮಾರು ಇಪ್ಪತ್ತು ನಿಮಿಷ ಎಸೆದೆ. ಮೀನುಗಳು ಹಿಂದೆ ಬಂದವು, ಸುಳಿ ಎಬ್ಬಿಸಿದವು, ತಿರುಗಿ ಹೋದವು. ಒಂದೂ ಬಾಯಿ ಹಾಕಲಿಲ್ಲ. ಪಕ್ಕದಲ್ಲಿ ಪುಟ್ಟಿ ತನ್ನ ಸಣ್ಣ ಕೋಲಿಗೆ ಬೆಳ್ಳಿಬಣ್ಣದ ಪುಟ್ಟ ಸ್ಪೂನ್, ಅಂದರೆ ಲೋಹದ ಲ್ಯೂರ್, ಕಟ್ಟಿಕೊಂಡಿದ್ದಳು. ಮೂರನೆಯ ಎಸೆತಕ್ಕೇ ಅವಳ ಕೋಲು ಬಾಗಿತು.

ಮೀನನ್ನು ದೋಣಿಗೆ ತಂದಾಗ ಅದು ಕೊಡವಿಕೊಂಡು ಮೂರು ಶ್ಯಾಡ್‌ಗಳನ್ನು ಕಕ್ಕಿತು. "ಅಪ್ಪಾ, ಇಲ್ಲಿ ನೋಡು, ಇದು ತಿಂದದ್ದು ಇದನ್ನೇ!" ಎಂದು ಪುಟ್ಟಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡಳು. ಅದು ಅವಳ ಹೆಬ್ಬೆರಳಿಗಿಂತಲೂ ಗಿಡ್ಡ. ಕಿವಿರಿನ ಹಿಂದೆ ಸಾಸಿವೆಯಷ್ಟು ಕಪ್ಪು ಚುಕ್ಕೆ, ಬೆನ್ನಿನ ರೆಕ್ಕೆಯ ಕೊನೆಯಲ್ಲಿ ನೂಲಿನಂಥ ಉದ್ದನೆಯ ಎಳೆ. ಅದರ ಹೆಸರಿಗೆ ಕಾರಣವೇ ಆ ಎಳೆ. ಹೊಟ್ಟೆಯ ಬದಿ ಎಷ್ಟು ತೆಳುವಾಗಿತ್ತೆಂದರೆ ಬೆಳಕು ಅದರೊಳಗೆ ಹಾದುಹೋಗುತ್ತಿತ್ತು. ಅಳತೆಪಟ್ಟಿಯ ಮೇಲಿಟ್ಟಾಗ 3.8 ಸೆಂಟಿಮೀಟರ್. ಅದರ ಪಕ್ಕಕ್ಕೆ ನನ್ನ ಲ್ಯೂರ್ ಇಟ್ಟೆ. ಮರಿಗಳನ್ನೇ ಬಾಯ್ತುಂಬ ನುಂಗುತ್ತಿದ್ದ ಮೀನಿಗೆ ಅದರ ಮೂರು ಪಟ್ಟು ಉದ್ದದ ಆಕೃತಿ ಊಟವಾಗಿ ಕಾಣುವುದಾದರೂ ಹೇಗೆ?

ಸಣ್ಣದನ್ನು ಕಟ್ಟುವುದು ಸುಲಭ, ದೂರ ಎಸೆಯುವುದು ಕಷ್ಟ. ಹಿಂಡಿನ ಹತ್ತಿರ ದೋಣಿ ಒಯ್ದರೆ ಎಲ್ಲವೂ ಪಾತಾಳಕ್ಕೆ ಇಳಿಯುತ್ತವೆ. ಗಾತ್ರ ಕಿರಿದು, ತೂಕ ಹೆಚ್ಚು ಇರುವುದು ಬೇಕು. ಆದ್ದರಿಂದಲೇ ಲೋಹದ ಸ್ಪೂನ್ ನನಗೆ ಇಷ್ಟ: ನಾಲ್ಕು ಸೆಂಟಿಮೀಟರಿನದು ಹತ್ತು ಗ್ರಾಂ ತೂಗುತ್ತದೆ, ತೆಳು ತಂಗೂಸಿಗೆ ಕಟ್ಟಿದರೆ ಬಾಣದಂತೆ ಹೋಗುತ್ತದೆ. ಇನ್ನೊಂದು ಉಪಾಯವೂ ಇದೆ. ನೀರ ಮೇಲೆ ಸದ್ದು ಮಾಡುವ ಪಾಪರ್ ಎಂಬ ದೊಡ್ಡ ಲ್ಯೂರ್‌ನ ಹಿಂದೆ ಅರ್ಧ ಮೀಟರ್ ತಂಗೂಸಿ ಬಿಟ್ಟು ಬಿಳಿ ಗರಿಯ ಪುಟ್ಟ ಗಾಳವನ್ನು ಕಟ್ಟುವುದು. ಮುಂದಿನದು ದೂರ ಒಯ್ಯುತ್ತದೆ, ಮೀನನ್ನು ಕರೆಯುತ್ತದೆ. ಮೀನು ಹಿಡಿಯುವುದು ಹಿಂದಿನದನ್ನು.

ಬಿಸಿಲೇರಿದಂತೆ ಮೇಲ್ಮೈ ಶಾಂತವಾಯಿತು. ಎಷ್ಟೋ ಮಂದಿ ಆಗ ಜಾಗ ಬದಲಿಸುತ್ತಾರೆ. ಅದು ತಪ್ಪೆಂದೇ ನನ್ನ ಅನಿಸಿಕೆ. ನೀರಿನಡಿಯನ್ನು ತೋರಿಸುವ ಸೋನಾರ್ ಪರದೆಯಲ್ಲಿ ಆರು ಮೀಟರ್ ಆಳದಲ್ಲಿ ಶ್ಯಾಡ್ ಹಿಂಡು ಮೋಡದಂತೆ ತೇಲುತ್ತಿತ್ತು, ಅದರ ಅಡಿಗೆ ಕಮಾನುಗಳಂತೆ ಬ್ಯಾಸ್‌ಗಳು. ಸಾವಿರ ನಿಜವಾದ ಮರಿಗಳ ನಡುವೆ ನಮ್ಮ ಹುಸಿಮರಿ ಎದ್ದು ಕಾಣಬೇಕಾದರೆ ಅದು ಹಿಂಡಿನಿಂದ ಜಾರಬೇಕು, ಪೆಟ್ಟು ತಿಂದದ್ದರಂತೆ ತತ್ತರಿಸುತ್ತ ಕೆಳಗಿಳಿಯಬೇಕು. ಸ್ಪೂನನ್ನು ದೋಣಿಯ ಪಕ್ಕದಲ್ಲೇ ಬಿಟ್ಟು, ಇಳಿಯುವಾಗ ಎಣಿಸಲು ಪುಟ್ಟಿಗೆ ಹೇಳಿದೆ. ಶಾಲೆಯ ಲೆಕ್ಕವನ್ನೆಲ್ಲ ಇಂಗ್ಲಿಷಿನಲ್ಲಿ ಮಾಡುವ ಹುಡುಗಿ ಮೆಲ್ಲನೆ ಕನ್ನಡದಲ್ಲಿ ಎಣಿಸತೊಡಗಿದಳು. "ಐದು, ಆರು, ಏಳು..." ಏಳಕ್ಕೆ ಬಿಗಿಯಾಗಿದ್ದ ತಂಗೂಸಿ ಥಟ್ಟನೆ ಸಡಿಲಾಯಿತು. ಸ್ಪೂನ್ ತಳ ಮುಟ್ಟಿರಲಿಲ್ಲ. ಮೀನು ಬಾಯಿಗೆ ಹಾಕಿಕೊಂಡಿತ್ತು. ಆಮೇಲೆ ಇನ್ನೂ ನಾಲ್ಕು ಬಂದವು, ಎಲ್ಲವೂ ಆರು ಏಳರ ನಡುವೆ. ಸ್ಪಾಟೆಡ್ ಬ್ಯಾಸ್‌ನ ನಾಲಿಗೆಯ ಮೇಲೆ ಹಲ್ಲಿನ ಮಚ್ಚೆಯಿರುತ್ತದೆ. ಪುಟ್ಟಿ ಹೆಬ್ಬೆರಳಿನಿಂದ ಸವರಿ, "ಮರಳು ಕಾಗದದಂತೆ ಇದೆ" ಎಂದು ಬೆರಗಾದಳು. ಎಲ್ಲವನ್ನೂ ನೀರಿಗೆ ಬಿಟ್ಟೆವು.

ಹೊರಡುವ ಮುನ್ನ ಕ್ರೀಕ್‌ನ ಬಾಯಿಯಲ್ಲಿರುವ ಮುಳುಗುಗುಡ್ಡದ ಬಳಿ ಹತ್ತು ನಿಮಿಷ ನಿಂತೆವು. ಅಲ್ಲಿಯ ಊಟವೇ ಬೇರೆ. ಅದು ಬ್ಲೂಬ್ಯಾಕ್ ಹೆರಿಂಗ್, ಗೇಣುದ್ದಕ್ಕೆ ತುಸು ಕಡಿಮೆಯಿರುವ ಮೀನು, ತೆರೆದ ನೀರಿನಲ್ಲಿ ಬಲು ವೇಗವಾಗಿ ಓಡುತ್ತದೆ. ಬೆಳಿಗ್ಗೆ ಸೋತ ಅದೇ 12 ಸೆಂಟಿಮೀಟರಿನ ಲ್ಯೂರ್ ಕಟ್ಟಿ, ನಿಲ್ಲಿಸದೆ ಜೋರಾಗಿ ಎಳೆದೆ. ಎರಡನೆಯ ಎಸೆತಕ್ಕೆ ನೀರು ಸ್ಫೋಟಿಸಿತು. ಇಂದಿನ ಅತಿ ದೊಡ್ಡ ಮೀನು ಅದೇ, ಒಂದೂವರೆ ಕಿಲೋ. ಸರಿಯಾಗಿ ಎರಡು ಕಿಲೋಮೀಟರ್ ಕೂಡ ಇಲ್ಲದ ಅಂತರದಲ್ಲಿ ಒಂದೇ ಜಾತಿಯ ಬ್ಯಾಸ್ ಎರಡು ಬೇರೆ ಬೇರೆ ಊಟ ಮಾಡುತ್ತಿತ್ತು.

ಬಣ್ಣದ ಬಗ್ಗೆ ಇಷ್ಟು ದಿನ ನಾನು ತಲೆ ಕೆಡಿಸಿಕೊಂಡದ್ದು ಸಾಕು. ಇಂದು ಬಿಳಿ, ಬೆಳ್ಳಿ ಎರಡೇ ಬಳಸಿದೆ. ಮೊದಲು ಉದ್ದ ನೋಡುತ್ತೇನೆ, ಆಮೇಲೆ ಆಳ, ಆಮೇಲೆ ವೇಗ. ಬಣ್ಣದ ಸರದಿ ಕೊನೆಗೆ.

ಊಟದ ಹೊತ್ತಿಗೆ ಮನೆ ಸೇರಿದೆವು. ಸಂಜೆ ದೀಪ ಹಚ್ಚಿದ ಮೇಲೆ ಪುಟ್ಟಿ ಫ್ರಿಜ್‌ನಲ್ಲಿಟ್ಟಿದ್ದ ಆ ಶ್ಯಾಡ್ ತಂದು ನನ್ನ ನೋಟ್‌ಬುಕ್ಕಿನ ಈ ಪುಟದ ಮೇಲಿಟ್ಟು, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಬೆನ್ನಿನ ನೂಲೆಳೆಯನ್ನು ಬಿಡದೆ ಬರೆದು, ಪಕ್ಕದಲ್ಲಿ 3.8 ಎಂದು ನಮೂದಿಸಿದ್ದಾಳೆ. ಕಾಗದದ ಮೇಲೆ ಎರಡು ಹುರುಪೆಗಳು ಅಂಟಿಕೊಂಡಿವೆ, ದೀಪಕ್ಕೆ ಹಿಡಿದರೆ ಇನ್ನೂ ಮಿನುಗುತ್ತವೆ.