ಪ್ರಾರ್ಥಿಸಿದರೂ ಚಟ ಏಕೆ ಬಿಡುತ್ತಿಲ್ಲ?

ಚರ್ಚಿನ ಯೌವನಸ್ಥರ ಕೂಟ ಮುಗಿದು ಎಲ್ಲರೂ ಹೊರಟ ಮೇಲೆ, ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಬಳಿ ಉಳಿಯುವ ಹುಡುಗ ಕೇಳುವುದು ಹೆಚ್ಚಾಗಿ ಇದೇ ಪ್ರಶ್ನೆಯನ್ನು: "ಅಣ್ಣಾ, ಉಪವಾಸವಿದ್ದು ಪ್ರಾರ್ಥಿಸಿದ್ದೇನೆ, ಅತ್ತಿದ್ದೇನೆ. ಆದರೂ ರಾತ್ರಿ ಫೋನಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಏಕೆ ಬಿಡುತ್ತಿಲ್ಲ?" ಕೆಲವರಿಗೆ ಅದು ಕುಡಿತ, ಕೆಲವರಿಗೆ ಹಣ ಕಟ್ಟಿ ಆಡುವ ಆಟ.

ನಾನು ಮೊದಲು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 7ನೆಯ ಅಧ್ಯಾಯವನ್ನು ತೆರೆದು ಕೊಡುತ್ತೇನೆ. ಅಲ್ಲಿ ಒಬ್ಬನು ತನ್ನ ಮನೆಯ ಕಿಟಕಿಯಿಂದ ಬೀದಿಯನ್ನು ನೋಡುತ್ತಿದ್ದಾನೆ. ಬುದ್ಧಿಯಿಲ್ಲದ ಯೌವನಸ್ಥನೊಬ್ಬನು ಸಂಜೆಯ ಮಬ್ಬಿನಲ್ಲಿ, ಗಂಡಸರನ್ನು ಮರುಳುಮಾಡುವ ಹೆಂಗಸೊಬ್ಬಳ ಮನೆಯ ಮೂಲೆಯನ್ನು ಹಾದು, ಅವಳ ಮನೆಯ ದಾರಿಯನ್ನೇ ಹಿಡಿಯುತ್ತಾನೆ. ಅವಳು ಅವನನ್ನು ಹಿಡಿದು ಮುದ್ದಿಡುವುದೂ ಸವಿಮಾತುಗಳಿಂದ ಒಲಿಸುವುದೂ ಆಮೇಲಿನ ಮಾತು. ಆ ಬೀದಿಗೆ ತಿರುಗಿದಾಗಲೇ ಅವನು ಸೋತಿದ್ದನು ಎಂದು ನನಗೆ ಓದಿದಾಗಲೆಲ್ಲ ಅನಿಸುತ್ತದೆ. ಕೋಣೆಯ ಚಿಲಕ ಹಾಕಿ, ದೀಪ ಆರಿಸಿ, ಹೊದಿಕೆಯೊಳಗೆ ಫೋನು ಹಿಡಿದ ಮೇಲೆ "ಕರ್ತನೇ, ಕಾಪಾಡು" ಎನ್ನುವವನು ಸಂಜೆಯೇ ಮಾಡಬೇಕಿದ್ದ ಕೆಲಸವನ್ನು ಬಿಟ್ಟಿರುತ್ತಾನೆ. ಮಲಗುವ ಮುನ್ನ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಬರುವುದೂ ಪ್ರಾರ್ಥನೆಯ ಭಾಗವೇ. ಐಗುಪ್ತದಲ್ಲಿ ದಾಸನಾಗಿದ್ದು, ಒಡೆಯನ ಹೆಂಡತಿ ಕರೆದಾಗ ದಿನದಿನವೂ ಒಲ್ಲೆನೆಂದು ಹೇಳುತ್ತಿದ್ದ ಯೋಸೇಫನು ಕೂಡ, ಆ ಒಡೆಯ ಪೋಟೀಫರನ ಹೆಂಡತಿ ಬಟ್ಟೆ ಹಿಡಿದೆಳೆದ ದಿನ ಮಾತಿಗೆ ನಿಲ್ಲದೆ, ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದನು. ಅದನ್ನು ಹೇಡಿತನವೆಂದು ನಾನು ಒಪ್ಪುವುದಿಲ್ಲ.

ಎರಡನೆಯದಾಗಿ, ಈ ಹುಡುಗರಲ್ಲಿ ಹೆಚ್ಚಿನವರು ಒಂಟಿಯಾಗಿ ಹೋರಾಡುತ್ತಾರೆ. ಪರಿಶುದ್ಧತೆಯನ್ನು ಕೊಡು, ಆದರೆ ಈಗಲೇ ಬೇಡ ಎಂದು ಯೌವನದಲ್ಲಿ ಬೇಡಿಕೊಂಡಿದ್ದ, ಮುಂದೆ ಕ್ರೈಸ್ತರ ದೊಡ್ಡ ಬೋಧಕನಾದ ಅಗಸ್ಟೀನನು ಕ್ರಿ.ಶ. 386ರಲ್ಲಿ ಇಟಲಿಯ ಮಿಲಾನಿನ ತೋಟವೊಂದರಲ್ಲಿ ಬೈಬಲಿನಲ್ಲಿರುವ ಪೌಲನ ಪತ್ರವನ್ನು ತೆರೆದು ಓದಿ ಬದಲಾದನೆಂಬುದು ಅನೇಕರಿಗೆ ಗೊತ್ತು. ಅದೇ ತೋಟದಲ್ಲಿ ಅವನ ಗೆಳೆಯ ಅಲಿಪಿಯಸನೂ ಇದ್ದನು, ಓದಿದ್ದನ್ನು ಅಗಸ್ಟೀನನು ಮೊದಲು ಅವನಿಗೆ ತೋರಿಸಿದನು ಎಂಬುದನ್ನು ನಾವು ಹೇಳುವುದೇ ಇಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಬೇಕೆಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಬರೆದದ್ದು ಇದಕ್ಕಾಗಿಯೇ. ಗುಟ್ಟು ಕಾಯುವ, ವಯಸ್ಸಿನಲ್ಲಿ ಸ್ವಲ್ಪ ಹಿರಿಯನಾದ ಒಬ್ಬನಿಗೆ ಹೇಳಿದರೆ ಸಾಕು, ಇಡೀ ಸಭೆಯ ಮುಂದೆ ಹೇಳಬೇಕಿಲ್ಲ. ಕುಡಿತ ಬಿಟ್ಟರೆ ಕೈ ನಡುಗುವ ಮಟ್ಟಕ್ಕೆ ಬಂದಿದ್ದರೆ ವೈದ್ಯರ ಬಳಿಗೂ ಹೋಗಲೇಬೇಕು. ಅದು ನಂಬಿಕೆಯ ಕೊರತೆಯಲ್ಲ.

ಮತ್ತೆ ಬಿದ್ದರೆ? ನಾಚಿಕೆಯಿಂದ ಭಾನುವಾರದ ಆರಾಧನೆಯನ್ನು ತಪ್ಪಿಸಬೇಡ ಎನ್ನುತ್ತೇನೆ. ಮೂರು ಸಲ ತನ್ನನ್ನು ಅರಿಯೆನೆಂದ ಶಿಷ್ಯ ಪೇತ್ರನಿಗೆ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಊಟ ಕೊಟ್ಟನು. ಅವನನ್ನು ಪ್ರಶ್ನಿಸಿದ್ದು ಊಟವಾದ ಮೇಲೆ.