ಸೊಗದೆ, ಮಾಗಳಿ, ವೆನಿಲ್ಲಾ: ವಾಸನೆ ಒಂದೇ ಆದರೆ ನೆಂಟರಾ?

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಬೇಲಿಯಲ್ಲಿ ಸೊಗದೆ ಬಳ್ಳಿ ಹಬ್ಬಿದೆ. ಬೇಸಿಗೆಯಲ್ಲಿ ಅದರ ಬೇರಿನ ಶರಬತ್ತು ಮಾಡುತ್ತೇವೆ. ಮೈಸೂರಿನ ನೆಂಟರು ಬರುವಾಗ ಮಾಗಳಿ ಬೇರಿನ ಉಪ್ಪಿನಕಾಯಿ ತರುತ್ತಾರೆ. ಎರಡನ್ನೂ ಮೂಸಿದವರೆಲ್ಲ ನನ್ನನ್ನು ಕೇಳುತ್ತಾರೆ: "ವಾಸನೆ ಒಂದೇ ಅಲ್ವಾ ಅಕ್ಕಾ, ಗಿಡವೂ ಒಂದೇನಾ?"

ಅಲ್ಲ. ಆದರೆ ಹತ್ತಿರದ ನೆಂಟರು ಹೌದು.

ಸೊಗದೆ ಬೇರು ಸಪೂರ, ಕಂದು ಬಣ್ಣ, ತಂತಿಯ ಹಾಗೆ ಗಟ್ಟಿ. ಎಲೆಯ ನಡುವೆ ಸಾಮಾನ್ಯವಾಗಿ ಬಿಳಿ ಗೆರೆ. ಮಾಗಳಿ ಬೇರು ದಪ್ಪ, ಮಾಂಸಲ. ಒಳಗಿನ ನಾರನ್ನು ತೆಗೆದೇ ಹೆಚ್ಚಬೇಕು. ಉಗುರಿನಲ್ಲಿ ಸಿಪ್ಪೆ ಕೆರೆದು ನೋಡಿ, ಎರಡರಲ್ಲೂ ಅದೇ ಸಿಹಿ ಘಮ. ಆ ಘಮಕ್ಕೆ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್ ಎಂಬ ರಾಸಾಯನಿಕ. ಆಫ್ರಿಕಾದ ಮೊಂಡಿಯಾ ಎಂಬ ಬಳ್ಳಿಯ ಬೇರಿನಲ್ಲೂ ಅದೇ ಇದೆ. ಮೂರೂ ಎಕ್ಕ, ಕಣಗಿಲೆಯ ಕುಟುಂಬದವು. ಅದರೊಳಗೂ ಒಂದೇ ಕವಲಿನವು. ಎಷ್ಟು ದೂರದ ಊರು, ಆದರೂ ಬೇರಿನಲ್ಲಿ ಅದೇ ಗುರುತು! ನನಗೆ ಇದು ಇವತ್ತಿಗೂ ಬೆರಗು.

ಹಾಗಂತ ಮೂಗನ್ನೊಂದೇ ನಂಬಬೇಡಿ. ಕೊಡಗಿನಲ್ಲಿ ಇದನ್ನು ಹೇಳಿದ ಕೂಡಲೇ ಬರುವ ಮಾತು ವೆನಿಲ್ಲಾ. 2000ದ ಆಸುಪಾಸು ಇಲ್ಲಿನ ಎಷ್ಟೋ ತೋಟಗಳಲ್ಲಿ ಅದನ್ನು ಹಬ್ಬಿಸಿದ್ದರು, ಹದಮಾಡಿದ ಕೋಡಿನ ವಾಸನೆ ಎಲ್ಲರಿಗೂ ಗೊತ್ತು. ಅದರ ಘಮದ ಮುಖ್ಯ ರಾಸಾಯನಿಕವಾದ ವೆನಿಲಿನ್‌ನಲ್ಲೂ ಸೊಗದೆಯ ರಾಸಾಯನಿಕದಲ್ಲೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳಿವೆ. ಲೆಕ್ಕ ಒಂದೇ, ಜೋಡಣೆ ಬೇರೆ. ವೆನಿಲ್ಲಾ ಆರ್ಕಿಡ್ ಜಾತಿ, ಸೊಗದೆಗೆ ಏನೂ ಆಗಬೇಕಿಲ್ಲ. ಇನ್ನೂ ಒಂದಿದೆ: ಆಫ್ರಿಕಾದಲ್ಲಿ ಮಾವಿನ ಕುಟುಂಬದ ಒಂದು ಗಿಡದ ಬೇರಿನಲ್ಲಿ ಸೊಗದೆಯ ರಾಸಾಯನಿಕವೇ ಸಿಕ್ಕಿದೆ. ಅದು ಇವುಗಳ ಬಳಗವಲ್ಲ.

ಅದಕ್ಕೇ ಸಸ್ಯಶಾಸ್ತ್ರದವರು ಬೇರಿನ ಒಂದೇ ಅಂಶ ಹಿಡಿದು ತೀರ್ಮಾನ ಮಾಡುವುದಿಲ್ಲ. ಹಲವು ಅಂಶಗಳನ್ನು ಒಟ್ಟಿಗೆ ಹೋಲಿಸುತ್ತಾರೆ, ಡಿಎನ್‌ಎ ನೋಡುತ್ತಾರೆ, ಹೂವು ಬಿಡಿಸುತ್ತಾರೆ. ಸೊಗದೆಯ ಹೂವು ಪುಟ್ಟದು, ಹೊರಗೆ ಹಸಿರು, ಒಳಗೆ ನೇರಳೆ ಛಾಯೆ. ಲೆನ್ಸ್ ಹಿಡಿದರೆ ಪರಾಗ ಹೊರುವ ಚಮಚದಂಥ ಸಣ್ಣ ಭಾಗ ಕಾಣುತ್ತದೆ. ಮಾಗಳಿಯಲ್ಲೂ ಮೊಂಡಿಯಾದಲ್ಲೂ ಇದೇ ಚಮಚ. ವೆನಿಲ್ಲಾದಲ್ಲಿ ಇಲ್ಲ.

ನನ್ನ ಹತ್ತಿರ ಕೇಳಲು ಬರುವವರು ಸುಮ್ನೆ ಬೇರನ್ನಷ್ಟೇ ಕಿತ್ತು ತರಬೇಡಿ. ಮಾಗಳಿಯನ್ನು ಕಾಡಿನಲ್ಲಿ ಬುಡಸಮೇತ ಅಗೆದೂ ಅಗೆದೂ ಈಗ ಅದು ಅಳಿವಿನಂಚಿನಲ್ಲಿದೆ. ಒಂದು ಎಲೆ, ಎರಡು ಹೂವು ತನ್ನಿ, ಸಾಕು.